ಬಿ.ಜಿ. ಕೆರೆ ದಾಟದ ಭಾಷಣ

ನಮ್ಮ ಸೋದರಮಾವನ ಭಾಷಣಕ್ಕೆ ಹೋಗುವವರು ಬುತ್ತಿ ಕಟ್ಟಿಕೊಂಡೇ ಹೋಗಬೇಕು. ಇದು ನನ್ನ ಮಾತಲ್ಲ, ಅವನ ಸ್ವಂತ ಅಕ್ಕನಾದ ನಮ್ಮವ್ವನ ಮಾತು! ಚಳ್ಳಕೆರೆಯಿಂದ ಮೊಳಕಾಲ್ಮುರಿಗೆ ಓಡುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಕೈ ಅಡ್ಡ ಹಾಕಿದಲ್ಲೆಲ್ಲ ನಿಲ್ಲಿಸಿ ರೂಢಿ. ಭಾಷಣವೂ ಹಾಗೇ. ಚಳ್ಳಕೆರೆ ಬಿಟ್ಟ ಅವನ ಮಾತು ನಡುದಾರಿಯ ಬಿ.ಜಿ. ಕೆರೆ ದಾಟಿದ್ದನ್ನು ನಾನಂತೂ ಕಾಣೆ!

ಹೇಳಬೇಕಾದ್ದಾದರೂ ಎಷ್ಟು? ಹಟ್ಟಿಯೊಳಗೆ ಹೆರಿಗೆಯಾದರೆ ದೇವರಿಗೆ ಮೈಲಿಗೆ ಅಂತ ನಮ್ಮಲ್ಲಿ ನೋವು ಬಂದ ಬಸುರಿಯನ್ನು ಊರಾಚೆಯ ಗುಡಿಸಲಿಗೆ ಕಳಿಸುತ್ತಿದ್ದರು. ಮಳೆಯೋ ಚಳಿಯೋ, ಬಾಣಂತಿ ಕೂಸು ಅಲ್ಲೇ. ಅದು ನಿಲ್ಲಬೇಕು ಅನ್ನೋದು ಮಾವನ ಹಟ. ಆದರೆ ಹೇಳೋದು ಯಾರಿಗೆ? ಶನಿವಾರದ ಭಜನೆಗೆ ಕೂತ, ಆ ದೇವರನ್ನು ನೆನೆಯದೆ ತುತ್ತೆತ್ತದ ಜನಕ್ಕೆ! ಒಮ್ಮೆಲೇ ಬಾಯಿಬಿಟ್ಟರೆ ಹಲ್ಲು ಉಳಿದಾವೇ?

ಅದಕ್ಕೇ ಪೀಠಿಕೆ. ಮೊದಲು ದೇವರಿಗೆ ಅಡ್ಡಬೀಳೋದು. ಆಮೇಲೆ ಹಿರಿಯರು ಹಟ್ಟಿ ಕಟ್ಟಿದ ಕಥೆ. ಅದಾದಮೇಲೆ ದೇವರ ಹೆಸರಲ್ಲಿ ಬಿಟ್ಟ ಎತ್ತುಗಳ ಹೊಗಳಿಕೆ. ಎಲ್ಲರೂ ತಲೆದೂಗುವಾಗ ಹಟ್ಟಿಯ ಯಜಮಾನರ ಕಡೆ ತಿರುಗಿ ಮೆಲ್ಲಗೆ ಕುರಿಗೆ ಬರುತ್ತಿದ್ದ.

"ಯಜಮಾನ್ರೇ, ಚಳಿಯಾಗೆ ಕುರಿ ಈದ್ರೆ ಮರೀನ ಎಲ್ಲಿಗೆ ತರ್ತೀರಿ?"

"ಇನ್ನೆಲ್ಲಿಗಲೇ? ಕಂಬಳಿ ಸುತ್ತಿ ಮನೆ ಒಳಕ್ಕೆ!"

"ಹಂಗಾದ್ರೆ..."

ಈ 'ಹಂಗಾದ್ರೆ' ಇದೆಯಲ್ಲ, ಅದೇ ಬಿ.ಜಿ. ಕೆರೆ! ಅಷ್ಟರಲ್ಲಿ ಪೂಜಾರಪ್ಪ ಗಂಟೆ ಬಾರಿಸುವನು, ಮಂಗಳಾರತಿ, ಮಂಡಕ್ಕಿ! ಮಾವ ಅಲ್ಲೇ ಇಳಿದುಬಿಡುತ್ತಿದ್ದ. ಒಂದು ಸಲ ಪೂಜಾರಪ್ಪನಿಗೆ ತೂಕಡಿಕೆ, ಗಂಟೆ ಇಲ್ಲ. ಮಾವನಿಗೇ ಕೆಮ್ಮು ಬಂತು! "ಕುರಿ ಬಗ್ಗೆ ಭಾಳ ಚೆಂದ ಮಾತಾಡ್ದೆ ಕಣಪ್ಪ" ಅಂದರು ಯಜಮಾನರು. ನಾವು ಹೊಟ್ಟೆ ಹಿಡಿದು ನಕ್ಕೆವು. ಅತ್ತೆ ಮಾತ್ರ ನಕ್ಕವಳಲ್ಲ. ಗಂಡ ಮಾತಿಗೆ ನಿಂತರೆ ಎದ್ದು ಮನೆಗೆ ಹೋಗುತ್ತಿದ್ದಳು.

ಒಂದು ವರ್ಷ ಕಾರ್ತಿಕದಲ್ಲಿ ಮಾವನ ಮಗಳು ಚೊಚ್ಚಲ ಹೆರಿಗೆಗೆ ಬಂದಳು. ಪಾಪ, ಯಜಮಾನರು ಅಕ್ಕರೆಯಿಂದಲೇ ಗುಡಿಸಲಿಗೆ ಹೊಸ ಹುಲ್ಲು ಹೊದಿಸಿದರು. ಶನಿವಾರ ಮಾವ ಎದ್ದು ನಿಂತ. ನಾವು ಗೋಡೆಗೆ ಒರಗಿ ಆರಾಮಾಗಿ ಕೂತೆವು.

"ನನ್ನ ಮಗಳು ನಮ್ಮನೆಯಾಗೇ ಹೆರ್ತಾಳೆ. ಆ ಗುಡ್ಲಿಗೆ ಕಳ್ಸಲ್ಲ. ಮೈಲಿಗೆ ಆದ್ರೆ ನಂಗಾಗ್ಲಿ."

ಅಂದವನೇ ಕೂತುಬಿಟ್ಟ. ದೇವರಿಲ್ಲ, ಎತ್ತಿಲ್ಲ, ಕುರಿಯಿಲ್ಲ! ಪೂಜಾರಪ್ಪ ಗಂಟೆ ಹಿಡಿದು ಹಾಗೇ ನಿಂತ. ಯಜಮಾನರು, "ಹುಲ್ಲು ದಂಡ ಆತಲ್ಲೋ" ಅಂದರು, ಅಷ್ಟೆ.

ಅವತ್ತು ಅತ್ತೆ ಎದ್ದು ಹೋಗಿರಲಿಲ್ಲ. ಹೆಂಗಸರ ಸಾಲಿನಲ್ಲಿ ಸೆರಗು ಬಾಯಿಗೊತ್ತಿ ಅಳುತ್ತಿದ್ದಳು. ಅವಳ ಚೊಚ್ಚಲ ಗಂಡುಕೂಸು ಅದೇ ಗುಡಿಸಲಲ್ಲಿ ಚಳಿಗೆ ಸೆಟೆದು ಹೋಗಿತ್ತೆಂದು ಅವ್ವ ನನ್ನ ಕಿವಿಯಲ್ಲಿ ಹೇಳಿದ್ದು ಆಗಲೇ. ಕೂಸನ್ನು ಒಳಗೆ ತರೋಣ ಅನ್ನಲು ಮಾವ ತನ್ನವ್ವನ ಮುಂದೆ ನಿಂತು ಪೀಠಿಕೆ ಹಾಕುತ್ತಲೇ ಇದ್ದನಂತೆ. ಅಯ್ಯೋ, ನಾವು ಇಷ್ಟು ವರ್ಷ ನಕ್ಕಿದ್ದು ಅದಕ್ಕಾ!

ಮನೆಗೆ ಹೋಗುವಾಗ ಅತ್ತೆ ಅವನ ಪಕ್ಕಕ್ಕೆ ಬಂದಳು.

"ಇಷ್ಟೇ ಇತ್ತಲ್ರೀ ಮಾತು. ಆವತ್ತೇ ಆಡಿದ್ರೆ ಆಗ್ತಿರ್ಲಿಲ್ವಾ?"

ಮಾವ ಹೆಗಲ ಮೇಲಿನ ಕಂಬಳಿ ತೆಗೆದು ಅವಳಿಗೆ ಹೊದಿಸಿದ.