ಗಾಯಕರು ಸಿಕ್ಕಿಕೊಂಡ ಕುರ್ಚಿ

ಯೋಗರಾಜ್ ಬಾಯಿ ಮುಚ್ಚಿಕೊಂಡಿದ್ದರೆ ಏನೂ ಆಗುತ್ತಿರಲಿಲ್ಲ. ಮಾಚೇನಹಳ್ಳಿಯ ವರ್ಕ್‌ಶಾಪಿನಲ್ಲಿ ಲೇತ್ ಯಂತ್ರದ ಗದ್ದಲಕ್ಕೆ ಎದುರಾಗಿ ವರ್ಷವಿಡೀ ಅಭ್ಯಾಸ ಮಾಡಿದ ಹಾಡನ್ನು ಮರುದಿನ ವಿದ್ಯಾನಗರದ ವೇದಿಕೆಯಲ್ಲಿ ಹಾಡುವವನಿದ್ದ. ಅವನ ನೆಚ್ಚಿನ ಗಾಯಕರ ಹುಟ್ಟುಹಬ್ಬದ ಕಾರ್ಯಕ್ರಮ ಅದು. ಹಿಂದಿನ ದಿನ ಅಭಿಮಾನಿ ಸಂಘದವರು ಅವರ ಫೋಟೋಗೆ ಹಾರ ಹಾಕುತ್ತಿದ್ದಾಗ ಇವನು, "ಇವ್ರು ಒಂದು ಹಳೇ ಸಿನಿಮಾದಲ್ಲಿ ಕಾಮಿಡಿನೂ ಮಾಡಿದಾರೆ. ಮದುವೆ ಮನೇಲಿ ಕುರ್ಚಿಗೆ ಸಿಕ್ಕಾಕ್ಕೊಂಡು ಏಳೋಕಾಗ್ದೆ ಒದ್ದಾಡ್ತಾರೆ" ಎಂದುಬಿಟ್ಟ.

ಸಂಘದ ಅಧ್ಯಕ್ಷ ಷಡಕ್ಷರಪ್ಪನವರು ಕೈಲಿದ್ದ ಊದುಬತ್ತಿಯನ್ನು ಫೋಟೋ ಬಿಟ್ಟು ಅವನತ್ತ ತಿರುಗಿಸಿದರು.

"ದೇವರಂಥ ಮನುಷ್ಯ ಕುರ್ಚಿಗೆ ಸಿಕ್ಕಾಕ್ಕೊಳ್ತಾರಾ? ಸಾಯಂಕಾಲದೊಳಗೆ ತೋರ್ಸು ಮಾರಾಯ. ಇಲ್ದಿದ್ರೆ ನಾಳೆ ಮೈಕ್ ಮುಟ್ಬೇಡ!"

ಯೂಟ್ಯೂಬಿನಲ್ಲಿ ಆ ಸಿನಿಮಾದ ಸುಳಿವೇ ಇರಲಿಲ್ಲ. ಅವನು ಚಿಕ್ಕಂದಿನಲ್ಲಿ ನೋಡಿದ್ದು ಭದ್ರಾವತಿಯ ಕಾಗದನಗರದಲ್ಲಿ, ದೊಡ್ಡಮ್ಮ ಹಾಲಮ್ಮನ ಮನೆಯ ವಿಡಿಯೋ ಕ್ಯಾಸೆಟ್ಟಿನಲ್ಲಿ. ಷಡಕ್ಷರಪ್ಪನವರು ಬೈಯುತ್ತಲೇ ಕಾರು ತೆಗೆದರು. ಸಂಘದ ಇನ್ನೊಬ್ಬ ಹಾಡುಗಾರ ಮಲ್ಲಿಕ್ ಕೂಡ ಹತ್ತಿದ. ಯೋಗರಾಜನ ಜಾಗ ಖಾಲಿಯಾದರೆ ತನಗೇ ಎಂಬ ಆಸೆ ಅವನದು.

ಸ್ವಲ್ಪ ದೂರ ಹೋದ ಮೇಲೆ ಅಧ್ಯಕ್ಷರು ಮೆಲ್ಲಗೆ ಕೇಳಿದರು. "ಕೈ ಇರೋ ಕುರ್ಚಿನಾ?"

"ಹೌದು ಸಾರ್."

ಮತ್ತೊಂದಿಷ್ಟು ದೂರ ಹೋದ ಮೇಲೆ, "ಕಬ್ಬಿಣದ್ದಾ?"

ಹಾಲಮ್ಮನ ಮನೆಗೆ ಕಾರು ಬಂದಿದೆಯೆಂದು ಅಕ್ಕಪಕ್ಕದ ಕ್ವಾರ್ಟರ್ಸಿನವರೆಲ್ಲ ಬಂದು ಕೂತರು. ವಿಸಿಆರ್ ಮಿಸುಕಲಿಲ್ಲ. ಪಕ್ಕದ ಮನೆಯ ಈಶ್ವರಪ್ಪ ಅದರ ತಲೆಗೆ ಒಂದು ಬಿಟ್ಟ ಮೇಲೆ ಸಿನಿಮಾ ಶುರುವಾಯಿತು. ಮದುವೆ ಮಂಟಪ ಬಂತು. ಗಾಯಕರು ಇನ್ನೇನು ಬರಬೇಕು, ಅಷ್ಟರಲ್ಲಿ ತೆರೆ ಕುಣಿದು ಬೇರೆಯೇ ಮಂಟಪ ಕಾಣಿಸಿತು.

"ಏನಿದು, ನಾಯಕಿನೇ ಬದಲಾದ್ಳು?" ಎಂದರು ಷಡಕ್ಷರಪ್ಪ.

"ನಾಯಕಿ ಅಲ್ಲ ಕಣ್ರೀ, ನನ್ ಮಗಳು ಅಕ್ಷಯಾ! ಅವಳ ಮದುವೆ ತೆಗೆಯೋಕೆ ಬೇರೆ ಕ್ಯಾಸೆಟ್ ಸಿಗ್ಲಿಲ್ಲ" ಎಂದಳು ಹಾಲಮ್ಮ.

ಕುರ್ಚಿಯ ದೃಶ್ಯವೇ ಅಳಿಸಿಹೋಗಿರಬಹುದೆಂದು ಯೋಗರಾಜ್ ವಿಸಿಆರಿನತ್ತ ಧಾವಿಸಿದ. ಮುಂದಕ್ಕೆ ಓಡಿಸುವ ಗುಂಡಿ ಕಿತ್ತುಹೋಗಿತ್ತು. ಧಾರೆಯಾಯಿತು, ಆರತಿಯಾಯಿತು, ಊಟಕ್ಕೆ ಎಲೆ ಹಾಕಿದರು. ನೆರೆಯವರು ತಂತಮ್ಮ ಮುಖ ಹುಡುಕಿಕೊಂಡು ಸಂಭ್ರಮಿಸಿದರು. ಮಲ್ಲಿಕ್ ನಾಳೆಗೆಂದು ಗಂಟಲು ಸರಿಮಾಡಿಕೊಳ್ಳತೊಡಗಿದ.

ಪಾಯಸ ಬಡಿಸುವ ಹೊತ್ತಿಗೆ ತೆರೆ ಮತ್ತೆ ಕುಣಿಯಿತು. ಸಾಕ್ಷಾತ್ ಗಾಯಕರೇ, ವಧುವಿನ ಸೋದರಮಾವನಾಗಿ, ಸೊಂಟಕ್ಕೆ ಸಿಕ್ಕಿಕೊಂಡ ಕುರ್ಚಿಯನ್ನು ಹೊತ್ತೇ ಬರುತ್ತಿದ್ದರು! ಹಿರಿಯರಿಗೆ ನಮಸ್ಕರಿಸಲು ಬಗ್ಗಿದರೆ ಕುರ್ಚಿಯ ಕಾಲು ಪುರೋಹಿತರ ಪಂಚೆಗೆ ಸಿಕ್ಕಿಕೊಂಡಿತು.

ಷಡಕ್ಷರಪ್ಪನವರ ಮುಖ ಗಂಟಾಗಿತ್ತು. ಆಮೇಲೆ ಹೊಟ್ಟೆ ಕುಲುಕಿತು. ಆಮೇಲೆ ಅವರು ಟವೆಲು ಬಾಯಿಗಿಟ್ಟುಕೊಂಡು ಕಣ್ಣೀರು ಬರುವಷ್ಟು ನಕ್ಕರು. "ಇನ್ನೊಂದ್ಸಲ ಹಾಕಿ ತಾಯಿ!"

ವಾಪಸು ಬರುವಾಗ ಯೋಗರಾಜ್ ಗೆದ್ದ ಖುಷಿಯಲ್ಲಿ, "ನಾಳೆ ನಾನು ಹಾಡ್ಬಹುದಲ್ವಾ ಸಾರ್?" ಎಂದ.

"ಹಾಡೋಕೆ ಮಲ್ಲಿಕ್ ಇದಾನಲ್ಲ. ಇಂಥಾ ಪಾತ್ರ ಜನಕ್ಕೆ ತೋರಿಸ್ದೆ ಇರೋಕಾಗುತ್ತಾ? ಅದನ್ನ ನೀನ್ ಮಾಡು."

"ಆ ಪಾತ್ರದಲ್ಲಿ ಅವ್ರು ಒಂದು ಸಾಲೂ ಹಾಡಿಲ್ಲ ಸಾರ್!"

"ಅದಕ್ಕೇನು? ಮಲ್ಲಿಕ್ ಹಾಡ್ತಿರ್ಲಿ, ನೀನು ಹಿಂದೆ ಕುರ್ಚಿ ಸಮೇತ ಓಡಾಡ್ತಿರು."

ಯೋಗರಾಜನಿಗೆ ಅಳುವೇ ಬಂತು. ಕಾರು ನೇರ ಶಾಮಿಯಾನದ ಅಂಗಡಿ ಮುಂದೆ ನಿಂತಿತು. ಅಧ್ಯಕ್ಷರು ಒಂದೊಂದೇ ಕುರ್ಚಿ ತೆಗೆಸಿ ಅವನನ್ನು ಕೂರಿಸಿ ನೋಡಿದರು. ಕೊನೆಗೊಂದರಲ್ಲಿ ಅವನು ಎಷ್ಟು ಕೊಸರಾಡಿದರೂ ಏಳಲಾಗಲಿಲ್ಲ.

"ಬಿಡಿಸ್ಬೇಡ್ರೋ," ಎಂದರು ಷಡಕ್ಷರಪ್ಪ, "ನಾಳೆ ತನಕ ಹಾಗೇ ಇರ್ಲಿ."