ಟಿಕ್ ಟಿಕ್ ಡಬ್ಬಿ ಮತ್ತು ತಬಲಾ ಕಾಕಾ

ಸಂಗೀತ ಕಲಿಸುವವನ ಮನೆಗೆ ಶ್ರುತಿ ಕರೆದರೂ ಬರುವುದಿಲ್ಲ, ಫಜೀತಿ ಮಾತ್ರ ಕರೆಯದೆಯೇ ಬಂದು ಕೂತುಬಿಡುತ್ತದೆ. ನಾನು ಸೇಡಂನಲ್ಲಿ ಇಪ್ಪತ್ತೆರಡು ವರ್ಷದಿಂದ ಪೇಟಿ ಮಾಸ್ತರ. ಪೇಟಿ ಎಂದರೆ ನಮ್ಮ ಕಡೆ ಹಾರ್ಮೋನಿಯಂ. ಮಕ್ಕಳಿಗೆ ಕಲಿಸುತ್ತೇನೆ, ಸುತ್ತಲ ಹಳ್ಳಿಗಳ ಭಜನಾ ಮಂಡಳಿಯವರ ಪೇಟಿ ರಿಪೇರಿ ಮಾಡುತ್ತೇನೆ, ನಮ್ಮದೇ ಒಂದು ಮಂಡಳಿಯಲ್ಲಿ ಬಾರಿಸುತ್ತೇನೆ. ಅಷ್ಟೂ ವರ್ಷದಿಂದ ನನ್ನ ಪಕ್ಕದಲ್ಲಿ ತಬಲಾ ಬಾರಿಸುವವರು ಒಬ್ಬರೇ. ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿ ಅಲ್ಲೇ ನೆಲೆಸಿದವರು. ಎಲ್ಲರಿಗೂ ಅವರು ಕಾಕಾ.

ಡಬ್ಬಿ ಬಂದದ್ದು

ಹೋದ ವರ್ಷ ಚಿಂಚೋಳಿಯ ಭಜನಾ ಸ್ಪರ್ಧೆಯಲ್ಲಿ ನಮಗೆ ಮೂರನೇ ಬಹುಮಾನ ಬಂತು. ತೀರ್ಪುಗಾರರು, "ಪದ ಭಾಳ ಚಲೋ ಹಾಡಿದ್ರಿ, ಆದ್ರ ಲಯ ಓಡ್ತದ" ಎಂದರು. ಲಯ ಎಂದರೆ ತಬಲಾ, ತಬಲಾ ಎಂದರೆ ಕಾಕಾ. ನಾನು ಕಾಕಾನ ಕಡೆ ನೋಡಿದೆ. ನಾನು ನೋಡಿದೆನೆಂದು ಮಂಡಳಿಯೆಲ್ಲ ನೋಡಿತು. ಕಾಕಾ ತಬಲಾಕ್ಕೆ ಅರಿವೆ ಸುತ್ತತೊಡಗಿದರು. ಜೀಪಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ನಾನೇ ಚೇಷ್ಟೆ ಮಾಡಿದೆ: "ಕಾಕಾ ವಾಡಿಯಾಗ ಪ್ಯಾಸೆಂಜರ್ ಆಗಿ ಹೊಂಟು ಸೇಡಂಗ ಮುಟ್ಟೂದ್ರಾಗ ಎಕ್ಸ್‌ಪ್ರೆಸ್ ಆಗ್ತಾರ!" ಎಲ್ಲರೂ ನಕ್ಕರು. ಕಾಕಾ ಕಿಟಕಿಯ ಹೊರಗೆ ತೊಗರಿ ಹೊಲ ನೋಡುತ್ತ ಕೂತರು.

ಈ ವರ್ಷ ಹಾಗಾಗಬಾರದೆಂದು ಒಂದು ಯಂತ್ರ ತರಿಸಿದೆ. ಟ್ಯೂನರ್, ಮೆಟ್ರೊನೋಮ್ ಎರಡೂ ಒಂದರಲ್ಲೇ ಇರುವ ಅಂಗೈಯಗಲದ ಡಬ್ಬಿ. ಸ್ವರ ಸರಿಯಿದ್ದರೆ ಹಸಿರು ದೀಪ ಹೊತ್ತುತ್ತದೆ, ತಪ್ಪಿದರೆ ಕೆಂಪು. ಇನ್ನೊಂದು ಗುಂಡಿ ಒತ್ತಿದರೆ ಹೇಳಿದ ವೇಗದಲ್ಲಿ ಟಿಕ್ ಟಿಕ್ ಎನ್ನುತ್ತಲೇ ಇರುತ್ತದೆ, ಯಾರ ಮುಲಾಜೂ ಇಲ್ಲ. ಕಾಕಾನ ಲಯ ಓಡುತ್ತದೆಂದು ಅವರಿಗೇ ತೋರಿಸಿಕೊಡುವುದು ನನ್ನ ಉದ್ದೇಶ. ಸುಳ್ಳು ಯಾಕೆ ಹೇಳಲಿ, ಅದಕ್ಕೇ ತರಿಸಿದ್ದು.

ಡಬ್ಬಿ ಬಂದ ದಿನ ಪಡಸಾಲೆಯಲ್ಲಿ ಅದನ್ನು ಮುಂದಿಟ್ಟುಕೊಂಡು ನಾನೇ 'ಸಾ' ಹಚ್ಚಿದೆ. ಕೆಂಪು. ಗಂಟಲು ಸರಿಮಾಡಿಕೊಂಡು ಮತ್ತೆ ಹಚ್ಚಿದೆ. ಕೆಂಪು. ಅಷ್ಟರಲ್ಲಿ, ಹಾಲು ನೋಡಿಕೊಳ್ಳಿ ಎಂದು ಹೇಳಿಹೋಗಿದ್ದ ನನ್ನ ಹೆಂಡತಿ ಅಡುಗೆಮನೆಯಿಂದ, "ಹಾಲು ಉಕ್ಕಿ ಹೋಗ್ಲಿಕತ್ತದ, ಕಣ್ಣು ಎಲ್ಲಿ ಇಟ್ಟೀರೀ!" ಎಂದು ಕೂಗಿದಳು. ಡಬ್ಬಿ ಫಕ್ಕನೆ ಹಸಿರಾಯಿತು. ನಾನು ಆಶ್ಚರ್ಯದಿಂದ ಅವಳನ್ನು ಕರೆದು ತೋರಿಸಿದೆ.

ಅವಳು ಡಬ್ಬಿಯನ್ನು ಸೆರಗಿನಿಂದ ಒರೆಸಿ ದೇವರ ಮಾಡದಲ್ಲಿಟ್ಟಳು. "ಈ ಮನ್ಯಾಗ ನಾ ಹೇಳಿದ್ದು ಸರಿ ಅಂದದ್ದು ಇದೊಂದೇ ನೋಡ್ರಿ."

ಹಾಡುವ ಪರಸಿ

ಮಕ್ಕಳು ಕೂತು ಕಲಿಯುವ ಕೋಣೆಗೆ ನೆಲ ಹಾಸಬೇಕಿತ್ತು. ಪರಸಿ ಕಲ್ಲು ತರಲು ಶಹಾಬಾದಿಗೆ ಹೋದೆ. ಗುರುತಿನವರಿದ್ದಾರೆಂದು ಕಾಕಾನೂ ಜೊತೆಗೆ ಬಂದರು. ಪರಸಿ ಆರಿಸುವ ರೀತಿ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಬೆರಳ ಗೆಣ್ಣಿನಿಂದ ಬಡಿಯಬೇಕು. ಟಣ್ ಎಂದರೆ ಗಟ್ಟಿ, ಬದ್ ಎಂದರೆ ಒಳಗೆ ಬಿರುಕು.

ನನಗೆ ಹುರುಪು ಹೆಚ್ಚಾಯಿತು. ಡಬ್ಬಿ ಹೊರತೆಗೆದು ಒಂದೊಂದೇ ಕಲ್ಲನ್ನು ಬಡಿದು ದೀಪ ನೋಡತೊಡಗಿದೆ. ಹಸಿರು ಬಂದದ್ದು ಬಲಕ್ಕೆ, ಕೆಂಪು ಬಂದದ್ದು ಎಡಕ್ಕೆ. ಕಲ್ಲಿನ ವ್ಯಾಪಾರಿ ಬೀಡಿ ಆರಿಹೋದದ್ದೂ ಗೊತ್ತಿಲ್ಲದೆ ನಿಂತು ನೋಡಿದ. ಕೊನೆಗೆ ತಡೆಯಲಾರದೆ ಕೇಳಿದ, "ಮಾಸ್ತರ್, ಇವನ್ನ ನೆಲಕ್ಕ ಹಾಸ್ತೀರೋ, ಇಲ್ಲಾ ಹಾಡ್ಲಾಕ ಕುಂದ್ರಸ್ತೀರೋ?"

ಒಂದು ದೊಡ್ಡ ಪರಸಿಗೆ ಎಷ್ಟು ಬಡಿದರೂ ಹಸಿರೇ. ಎಂಥ ಕಲ್ಲು ಎಂದು ಹಿಗ್ಗಿದೆ. ಕಾಕಾ ಕಿರುಬೆರಳಿನಿಂದ ಒಮ್ಮೆ ಮುಟ್ಟಿ, "ಇದು ಒಡದದ ಬಿಡ್ರಿ" ಎಂದರು. ನಾನು ದೀಪ ತೋರಿಸಿದೆ. ಕಾಕಾ ಹಿಂದುಗಡೆ ಕೈ ತೋರಿಸಿ, "ಅದು ಕಲ್ಲಿಂದಲ್ಲ, ಆ ಕೊಯ್ಯೋ ಮಷೀನಿನ ಆವಾಜಿಗಿ ಹತ್ಲಿಕತ್ತದ" ಎಂದರು. ನಾನು ಕೇಳಬೇಕಲ್ಲ! ಅದನ್ನೇ ಮೊದಲು ಹೇರಿಸಿದೆ.

ಸೇಡಂನಲ್ಲಿ ಇಳಿಸುವಾಗ ಆ ಕಲ್ಲು ಸದ್ದೇ ಇಲ್ಲದೆ ನಡುವೆ ಸೀಳಿ ಎರಡಾಯಿತು. ಕಾಕಾ ಎರಡೂ ತುಂಡನ್ನು ಗೋಡೆಗೆ ಆನಿಸಿಟ್ಟರು. "ಚಿಂತಿ ಮಾಡಬ್ಯಾಡ್ರಿ ಮಾಸ್ತರ್. ಈಗ ಒಂದು 'ಸಾ' ಹಾಡ್ತದ, ಒಂದು 'ಪಾ' ಹಾಡ್ತದ."

ಕೆಂಪು ದೀಪದ ಪುಣ್ಯ

ಸೇಡಂ ಪಕ್ಕದ ಮುಧೋಳದ ಭಜನಾ ಮಂಡಳಿಯವರು ತಮ್ಮ ಪೇಟಿಗೆ ಗಾಳಿ ಊದುವ ಭಾತೆ ಹರಿದಿದೆಯೆಂದು ತಂದುಕೊಟ್ಟರು. ಭಾತೆ ಹೊಲಿದೆ. ಅಲ್ಲಿಗೆ ಬಿಡಬೇಕಿತ್ತು. ಡಬ್ಬಿಯಿತ್ತಲ್ಲ, ಪೇಟಿಯ ಒಂದೊಂದೇ ಕೀಲಿಮನೆ ಒತ್ತಿ ನೋಡಿದೆ. ಎಲ್ಲಾ ಸ್ವರ ಹಸಿರು, ಒಂದು ಮಧ್ಯಮ ಮಾತ್ರ ಕಡುಗೆಂಪು. ಪಾಪ, ಎಷ್ಟು ವರ್ಷದಿಂದ ಅಪಸ್ವರದಲ್ಲಿ ಹಾಡುತ್ತಿದ್ದಾರೋ ಎಂದು ಮರುಕ ಬಂತು. ಆ ಸ್ವರದ ಹಿತ್ತಾಳೆ ಪಟ್ಟಿಯನ್ನು ಹಗುರಾಗಿ ಕೆರೆದು ಹಸಿರು ಮಾಡಿ, ನಾನೇ ಹೊತ್ತುಕೊಂಡು ಹೋಗಿ ಕೊಟ್ಟೆ. ಒಂದು ಪದ ಕೇಳಿಯೇ ಹೋಗಿರೆಂದು ಕೂರಿಸಿದರು.

ಮೊದಲ ಸಾಲು ಚೆನ್ನಾಗಿ ಹೋಯಿತು. ಮಧ್ಯಮ ಬಂದ ಕೂಡಲೇ ಪೇಟಿ ಒಂದು ಕಡೆ, ಹನ್ನೆರಡು ಮಂದಿ ಇನ್ನೊಂದು ಕಡೆ! ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆದಂತೆ. ಹಾಡು ನಿಂತಿತು. ಮುಖ್ಯ ಹಾಡುಗಾರ ಅಜ್ಜ ಪೇಟಿಯ ಬೆನ್ನು ಸವರಿ, "ಮಾಸ್ತರ್, ಇದಕ ಏನೋ ಆಗ್ಯದರಿ. ಒಯ್ಯುವಾಗ ಚಲೋ ಇತ್ತು" ಎಂದರು.

"ಅಜ್ಜಾ, ಮೊದಲ ತಪ್ಪಿತ್ತು, ಈಗ ಸರಿ ಆಗ್ಯದ. ನೋಡ್ರಿ, ಹಸಿರು ದೀಪ."

"ದೀಪ ಹಸಿರೇ ಅದ. ಆದ್ರ ಹಾಡವ್ರು ನಾವಲ್ಲೇನ್ರಿ?"

ಆ ಪೇಟಿ ಮುಂದಿಟ್ಟುಕೊಂಡೇ ಅವರ ಅಪ್ಪಂದಿರು ಕಲಿತಿದ್ದರು, ಅವರೂ ಕಲಿತಿದ್ದರು. ಇಡೀ ಊರಿನ ಗಂಟಲು ಆ ತಪ್ಪು ಮಧ್ಯಮಕ್ಕೇ ಕೂತುಬಿಟ್ಟಿತ್ತು. ಅಲ್ಲೇ ಪೇಟಿ ಬಿಚ್ಚಿದೆ. ಡಬ್ಬಿ ನೋಡುತ್ತ, ಮೊದಲು ಎಷ್ಟು ಕೆಂಪಿತ್ತೋ ಅಷ್ಟೇ ಕೆಂಪು ಬರುವ ತನಕ ಕೆರೆದೆ. ಸರಿಯಿದ್ದ ಸ್ವರವನ್ನು ಯಂತ್ರ ಇಟ್ಟುಕೊಂಡು ಅಷ್ಟು ಕಾಳಜಿಯಿಂದ ಕೆಡಿಸಿದವನು ನಾನೊಬ್ಬನೇ ಇರಬೇಕು.

ಮತ್ತೆ ಹಾಡಿದರು. ನಿಜ ಹೇಳುತ್ತೇನೆ, ಮೈ ಜುಮ್ಮೆಂದಿತು. ಅಜ್ಜ ನನ್ನ ಎರಡೂ ಕೈ ಹಿಡಿದುಕೊಂಡರು. "ಈಗ ಬರೋಬರಿ ಆತು. ಕೆಂಪು ದೀಪ ಹಚ್ಚಿಕೊಟ್ರಿ, ನಿಮಗ ಪುಣ್ಯ ಬರ್ಲಿ."

ವಾಡಿಯಿಂದ ಚಿತ್ತಾಪುರಕ್ಕೆ

ನಮ್ಮ ಮಂಡಳಿಯ ತಾಲೀಮು ಚಿತ್ತಾಪುರದಲ್ಲಿ, ಎಲ್ಲರೂ ಅಕ್ಕ ಎನ್ನುವ ನಮ್ಮ ಹಾಡುಗಾರ್ತಿಯ ಮನೆಯಲ್ಲಿ. ಸ್ಪರ್ಧೆಗೆ ಎಂಟು ದಿನ ಇತ್ತು. ಕೆಲಸದ ಮೇಲೆ ವಾಡಿಗೆ ಹೋಗಿದ್ದವನು ಕಾಕಾನೊಂದಿಗೇ ರೈಲು ಹತ್ತಿದೆ. ಡಬ್ಬಿ ಅಂಗಿಯ ಎದೆಯ ಜೇಬಿನಲ್ಲಿತ್ತು. ಕಾಲಿಡಲು ಜಾಗವಿಲ್ಲದ ಗದ್ದಲದಲ್ಲಿ ಯಾರದೋ ಮೊಣಕೈ ತಾಗಿ ಅದು ಟಿಕ್ ಟಿಕ್ ಶುರು ಮಾಡಿತು.

ಎದುರಿಗೆ ಕೂತಿದ್ದ ಒಬ್ಬಳು ವಯಸ್ಸಾದ ಆಯಿ ಕಿವಿಗೊಟ್ಟು ಕೇಳಿದಳು. ನನ್ನ ಎದೆ ನೋಡಿದಳು, ಮುಖ ನೋಡಿದಳು.

"ತಮ್ಮಾ, ಎದ್ಯಾಗ ಮಷೀನ್ ಹಾಕ್ಯಾರೇನೋ?"

ಇಲ್ಲ ಎನ್ನಲು ಬಾಯಿ ತೆರೆಯುವಷ್ಟರಲ್ಲಿ, "ಏ, ಏಳ್ರೋ, ಎದಿ ಜಡ್ಡಿನವ ನಿಂತಾನ!" ಎಂದು ಇಬ್ಬರನ್ನು ಎಬ್ಬಿಸಿ ನನ್ನನ್ನು ಕೂರಿಸಿಯೇಬಿಟ್ಟಳು. ನೀರು ಕೊಟ್ಟಳು, ಸೆರಗಿನಿಂದ ಗಾಳಿ ಹಾಕಿದಳು. ಸಿಕ್ಕ ಸೀಟು ಬಿಡಲು ಮನಸ್ಸು ಯಾರಿಗೆ ಬರುತ್ತದೆ? ನಾನೂ ಕಣ್ಣು ಅರೆಮುಚ್ಚಿ ಕೂತೆ. ಕಾಕಾ ಮಾತ್ರ ತಬಲಾ ಅಪ್ಪಿಕೊಂಡು ನಿಂತೇ ಇದ್ದರು, ನನ್ನನ್ನು ನೋಡುತ್ತ.

ಚಿತ್ತಾಪುರ ಬಂತು. ಎದ್ದು ಜೇಬಿಗೆ ಕೈಹಾಕಿ ಗುಂಡಿ ಒತ್ತಿದೆ. ಟಿಕ್ ಟಿಕ್ ನಿಂತಿತು.

"ಯವ್ವಾ!" ಆಯಿ ಎದೆ ಬಡಿದುಕೊಂಡಳು. "ನಿಂತೇ ಹೋತಲ್ಲೋ! ಹಿಡೀರೋ ಅವನ್ನ, ಸತ್ತದ್ದು ಗೊತ್ತಿಲ್ಲದ ನಡದು ಹೊಂಟಾನ!"

ಡಬ್ಬಿಯ ಮುಖ

ಪ್ಲಾಟ್‌ಫಾರ್ಮಿನ ಮೇಲೆ ಕಣ್ಣಲ್ಲಿ ನೀರು ಬರುವ ತನಕ ನಕ್ಕ ಕಾಕಾ ಅಕ್ಕನ ಮನೆಯಲ್ಲಿ ಮುಖ ಬಿಗಿದುಕೊಂಡರು. ಕಾರಣ, ನಾನು ಡಬ್ಬಿಯನ್ನು ಮಣೆಯ ಮೇಲಿಟ್ಟು ಟಿಕ್ ಟಿಕ್ ಶುರು ಮಾಡಿದ್ದೆ.

"ಮಾಸ್ತರ್, ಇದು ಯಾರ ಸಲುವಾಗಿ?"

"ಎಲ್ಲರ ಸಲುವಾಗಿ ಕಾಕಾ."

"ಅದರ ಮುಖ ನನ್ನ ಕಡಿಗೇ ಅದಲ್ಲರಿ."

ಕಾಕಾ ತಬಲಾಕ್ಕೆ ಅರಿವೆ ಸುತ್ತತೊಡಗಿದರು. "ಡಬ್ಬಿನೇ ಬಾರಿಸ್ಲಿ. ನಂದು ಇನ್ನ ಅಟ್ಟದ ಮ್ಯಾಲ ಇಡ್ತೀನಿ" ಎಂದರು. ದನಿ ಏರಿಸದೆ ಹೇಳಿದ್ದರಿಂದ ನನಗೆ ಹೆದರಿಕೆಯಾಯಿತು. ಕಾಕಾ ಹೋದರೆ ಸ್ಪರ್ಧೆ ಹೋಗಲಿ, ನನ್ನ ಪಕ್ಕದ ಜಾಗ ಖಾಲಿಯಾಗುತ್ತದೆ. ಆ ಜಾಗದಲ್ಲಿ ಬೇರೆ ಯಾರನ್ನೂ ನಾನು ನೋಡಿದವನೇ ಅಲ್ಲ.

ಅಕ್ಕ ಅಂಗನವಾಡಿ ನಡೆಸಿದವಳು. ಜಗಳ ಬಿಡಿಸುವುದರಲ್ಲಿ ನುರಿತ ಕೈ. "ಹೋಗೋದಾದ್ರ ಹೋಗ್ರಿ ಕಾಕಾ, ಆದ್ರ ಚಾ ಕುಡದು ಹೋಗ್ರಿ. ಚಾ ಕುದಿಯೂ ತನಕ ಒಬ್ಬೊಬ್ಬರೇ ಬಾರಿಸ್ರಿ, ಯಾರು ಓಡ್ತಾರ ನೋಡೂಣು."

ಕಾಕಾ ಒಬ್ಬರೇ ಭಜನೆಯ ಠೇಕಾ ಹಿಡಿದರು. ಟಿಕ್ ಮೇಲೆ ಪೆಟ್ಟು, ಪೆಟ್ಟಿನ ಮೇಲೆ ಟಿಕ್. ಚಹಾ ಕುದಿಯಿತು, ಸೋಸಿದರು, ಕಪ್ಪಿಗೆ ಹಾಕಿದರು, ಆರಿತು. ಕಾಕಾನ ಲಯ ಕೂದಲೆಳೆಯಷ್ಟೂ ಸರಿಯಲಿಲ್ಲ. ಕೊನೆಕೊನೆಗೆ ಡಬ್ಬಿ ಕೆಟ್ಟಿದೆಯೇನೋ ಎನ್ನಿಸುವಂತೆ ಎರಡೂ ಒಂದೇ ಸದ್ದಾಗಿತ್ತು.

ನನ್ನ ಸರದಿ. ಪಲ್ಲವಿ ಹಿಡಿದೆ. ಮೂರನೇ ಸಲಕ್ಕೆ ಟಿಕ್ ನನ್ನ ಹಿಂದೆ ಬಿತ್ತು. ಐದನೇ ಸಲಕ್ಕೆ ಅದು ಬಸ್ಸು ತಪ್ಪಿದವನಂತೆ ದೂರದಲ್ಲಿ ಬರುತ್ತಿತ್ತು. ಎಲ್ಲರೂ ನನ್ನ ಬೆರಳುಗಳನ್ನೇ ನೋಡುತ್ತಿದ್ದರು.

"ಬ್ಯಾಟರಿ ಇಳದದ ಅನಸ್ತದ," ಎಂದೆ.

"ಕುಣಿಲಾಕ ಬರಲಾರದಾಕಿ ನೆಲ ಡೊಂಕ ಅಂದಿದ್ಳಂತ," ಎಂದಳು ಅಕ್ಕ.

ಇಪ್ಪತ್ತೆರಡು ವರ್ಷ ಓಡಿದವನು ನಾನು! "ಕಾಕಾ, ಗೊತ್ತಿತ್ತೇನ್ರಿ? ಒಂದು ಮಾತು ಹೇಳಬಾರದಿತ್ತೇನು?"

"ನೀವು ಮಾಸ್ತರು. ಮಂದಿ ಎದುರಿಗಿ ಹ್ಯಾಂಗ ಹೇಳ್ಲಿ? ನಾ ಅಲ್ಲೇ ನಿಂತ್ರ ಹಾಡು ನಡುವ ಬೀಳ್ತದ. ಅದಕ ನಿಮ್ಮ ಬೆನ್ನು ಹತ್ತಿ ಓಡೀನಿ."

ಹೋದ ವರ್ಷದ ಜೀಪು ನೆನಪಾಯಿತು. ಎದ್ದು ಹೋಗಿ ಆ ತಬಲಾ ಮುಟ್ಟಿ ನಮಸ್ಕರಿಸಿದೆ, ಎಲ್ಲರೆದುರಿಗೇ ತಪ್ಪಾಯಿತು ಎಂದೆ. ಕಾಕಾ ನನ್ನ ಬೆನ್ನು ತಟ್ಟಿ ಆರಿದ ಚಹಾ ಕುಡಿದರು. ಆಮೇಲೆ ಮೊಣಕಾಲು ತಿಕ್ಕಿಕೊಳ್ಳುತ್ತ, "ಡಾಕ್ಟರು ಕಾರ್ಖಾನಿ ಧೂಳಿಂದ ದಮ್ಮು ಬರ್ತದ ಅಂದಿದ್ರು. ನಂಗ ಗೊತ್ತಿತ್ತು, ಅದು ಮಾಸ್ತರ ಪೇಟಿಯಿಂದ" ಎಂದರು.

ಚಿಂಚೋಳಿ

ಸ್ಪರ್ಧೆಯವರು ವೇದಿಕೆಯ ಮೇಲೆ ಯಂತ್ರ ನಡೆಯುವುದಿಲ್ಲ ಎಂದುಬಿಟ್ಟರು. ಎಂಟು ದಿನ ಟಿಕ್ ಟಿಕ್ ಜೊತೆ ತಾಲೀಮು ಮಾಡಿದ್ದೆ, ಆದರೂ ಹುಟ್ಟುಗುಣ. ಮತ್ತೆ ಓಡಿಬಿಟ್ಟರೆ?

"ಹೆದರಬ್ಯಾಡ್ರಿ," ಎಂದರು ಕಾಕಾ. "ನಿಮ್ಮ ತೊಡಿ ನನ್ನ ಮೊಣಕಾಲಿಗಿ ಹತ್ತಿಸಿ ಕುಂದ್ರಿ. ನೀವು ಓಡಿದ್ರ ನಾ ಹೇಳ್ತೀನಿ."

ಮೊದಲ ಚರಣದಲ್ಲಿ ಮೊಣಕಾಲು ಮೆಲ್ಲಗೆ ತಾಗಿತು. ತಡೆದುಕೊಂಡೆ. ಎರಡನೆಯದರಲ್ಲಿ ಗುದ್ದು. ಮೂರನೇ ಚರಣದಲ್ಲಿ ಅಕ್ಕನ ದನಿ ಏರಿತು, ಜನ ತಲೆದೂಗಿದರು, ನನಗೆ ಉಮೇದು ಬಂದು ಮೈಮರೆತೆ. ಆಗ ಬಿತ್ತು ನೋಡಿ, ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದ ಮೊಣಕಾಲಿನ ಪೆಟ್ಟು! "ಹಾಆಆ!" ಎಂದು ನನ್ನ ಬಾಯಿಂದ ಹೊರಟದ್ದು ಸರಿಯಾಗಿ ತಾಳದ ಮೊದಲ ಪೆಟ್ಟಿಗೇ ಬಂತು. ಎಂಥಾ ಆಲಾಪ ಎಂದು ಜನ ಚಪ್ಪಾಳೆ ಹೊಡೆದರು.

ಮೊದಲ ಬಹುಮಾನ ನಮಗೇ. ಕುಂಟುತ್ತ ಇಳಿದು ಬಂದೆ, ಮನಸ್ಸು ಮಾತ್ರ ಕುಣಿಯುತ್ತಿತ್ತು. ಹೋದ ವರ್ಷದ ಅದೇ ತೀರ್ಪುಗಾರರು ಹುಡುಕಿಕೊಂಡು ಬಂದರು. "ಹೋದ ವರ್ಷ ಓಡೂ ಲಯ ಈ ವರ್ಷ ಗೂಟಕ್ಕ ಕಟ್ಟಿದಂಗ ನಿಂತಿತ್ತಲ್ಲರಿ! ನಿಮ್ಮ ಹತ್ರ ಅದೇನೋ ಹಸಿರು, ಕೆಂಪು ದೀಪದ ಮಷೀನ್ ಅದ ಅಂತ ಕೇಳೀನಿ. ಜರಾ ತೋರಸ್ರಿ."

ನಾನು ಚೀಲಕ್ಕೆ ಕೈಹಾಕಿದೆ. ಕಾಕಾ ತಡೆದರು.

"ಅದು ತಾಲೀಮಿಂದರಿ ಸಾಹೇಬ್ರ. ಇವತ್ತು ಹಾಡಿನ್ಯಾಗ ನಡಸಿದ್ದು ಬ್ಯಾರೆ. ಅದರಾಗ ಬರೇ ನೀಲಿ ಬರ್ತದ. ಮಾಸ್ತರ ತೊಡಿ ಮ್ಯಾಲ ಅದ, ನಾಕ ಮಂದ್ಯಾಗ ತೋರ್ಸಾಕ ಬರಂಗಿಲ್ಲ."