ಇಬ್ರಾದ ಮೇಳದಲ್ಲಿ ನೊರೆ ಕಕ್ಕಿದ ಉಗಿಬಂಡಿ

"ಉಗಿ ಅಂದರೆ ಏನೆಂದು ಈ ಶುಕ್ರವಾರ ಇಡೀ ಇಬ್ರಾಕ್ಕೆ ತೋರಿಸದಿದ್ದರೆ ನಾನು ವಾಲ್ಟರನೇ ಅಲ್ಲ!"

ಹೀಗೆಂದು ವಾಲ್ಟರ್ ಇಲ್ಲದ ಮೀಸೆಯನ್ನು ತಿರುವಿಕೊಂಡ.

"ಮತ್ತೆ ಯಾರಾಗ್ತೀರಿ? ವೀಸಾದಲ್ಲಿ ಹೆಸರು ಬದಲಾಯಿಸ್ಲಿಕ್ಕೆ ಆಗುದಿಲ್ಲ ಮಾರಾಯ್ರೆ," ಎಂದಳು ಹೆಂಡತಿ ಆಲ್ಬಿನಾ.

ವೀಸಾದ ಮಾತು ಚುಚ್ಚಿತು. ಕೊಲ್ಲಿ ದೇಶಕ್ಕೆ ಬಂದು, ಕಡಲ ನೀರಿನಿಂದ ಉಪ್ಪು ತೆಗೆಯುವ ಸ್ಥಾವರದಲ್ಲಿ ತಲೆ ನರೆಯುವವರೆಗೆ ದುಡಿದವನನ್ನು, ಹೊಸ ಯಂತ್ರಗಳು ಬಂದೊಡನೆ, ಹಳೆಯ ಬಾಯ್ಲರುಗಳ ಜೊತೆಗೇ ಗುಜರಿಗೆ ಹಾಕಿದ್ದರು! ಈಗ ಅವನ ಕಫೀಲ್, ಅಂದರೆ ವೀಸಾ ಕೊಡಿಸುವ ಧಣಿ, ಹಮೂದ್ ಸಾಹೇಬರು. ಅವರಿಗೆ ಉಗಿಬಂಡಿಗಳ ಹುಚ್ಚು: ಒಂದು ಕಾಲಕ್ಕೆ ಇಂಗ್ಲೆಂಡಿನ ಹೊಲಗಳಲ್ಲಿ ನೇಗಿಲನ್ನೂ ಸರಕನ್ನೂ ಎಳೆಯುತ್ತಿದ್ದ, ಆನೆಗಾತ್ರದ ಕಬ್ಬಿಣದ ಬಂಡಿಗಳು. ತುಕ್ಕು ಹಿಡಿದ ಒಂದನ್ನು ವಾಲ್ಟರ್ ದುರಸ್ತಿ ಮಾಡಿದ್ದ. ಸಾಹೇಬರ ತೋಟದ ಮೇಳದಲ್ಲಿ ಅದು ಓಡಿದರೆ ವೀಸಾ ಮುಂದುವರಿಯುತ್ತದೆ. ಓಡದಿದ್ದರೆ ಖಲಾಸ್, ಮಂಗಳೂರಿನ ವಿಮಾನ!

"ಬಾಯ್ಲರಿಗೆ ನೀರುಣಿಸುವ ಟ್ಯಾಂಕು ಫಳಫಳ ಹೊಳೆಯಬೇಕು," ಎಂದು ಗುರುವಾರ ವಾಲ್ಟರನ ಅಪ್ಪಣೆಯಾಯಿತು. ಆಲ್ಬಿನಾ ಒಳಗಿಳಿದು ತಿಕ್ಕಿದಳು. ಇನ್ನೊಮ್ಮೆ ನೀರು ಬಿಟ್ಟು ತೊಳೆಯಹೊರಟಾಗ ವಾಲ್ಟರ್ ಪೈಪು ಕಸಿದುಕೊಂಡ.

"ಸಾಕು, ಸಾಕು! ಸಿಹಿನೀರಿನ ಒಂದೊಂದು ಹನಿಯ ಕಷ್ಟ ನನಗೆ ಗೊತ್ತು!"

"ಎಂತದರಲ್ಲಿ ತಿಕ್ಕಿದೆ ಅಂತಾದ್ರೂ ಕೇಳಿ."

"ಕೇಳುವುದು ಪಾಮರರ ಪದ್ಧತಿ. ನಾನು ಅಳೆಯುತ್ತೇನೆ!"

ಟ್ಯಾಂಕು ತುಂಬಿಸಿ ಉಪ್ಪು ಅಳೆಯುವ ಮೀಟರು ಅದ್ದಿದ. ಉಪ್ಪಿಲ್ಲ. ಜೀವಮಾನವಿಡೀ ಒಬ್ಬನೇ ಶತ್ರುವಿನೊಡನೆ ಕಾದಾಡಿದವನಿಗೆ ಎರಡನೆಯವನೊಬ್ಬ ಇರಬಹುದೆಂದು ಹೊಳೆಯಲಿಲ್ಲ. ಪಾದ್ರಿಗಳ ಪ್ರವಚನಕ್ಕೂ ಪುರಾವೆ ಕೇಳುವ ವಾಲ್ಟರ್ ಮೀಟರನ್ನು ಕಣ್ಣುಮುಚ್ಚಿ ನಂಬಿದ.

ಶುಕ್ರವಾರ ಬಿಳಿಯ ನಿಲುವಂಗಿ ದಿಶ್ದಾಶಾ ತೊಟ್ಟ ಅತಿಥಿಗಳು ಸಾಲುಗಟ್ಟಿದರು. ಬೆಂಕಿ ಉರಿಯಿತು, ಒತ್ತಡ ಏರಿತು.

"ಯಲ್ಲಾ, ಹೊರಡಿಸು ವಾಲ್ಟರ್!" ಎಂದರು ಸಾಹೇಬರು.

ಸಿಳ್ಳೆಯ ಹಗ್ಗ ಎಳೆದ. ಸಿಂಹಗರ್ಜನೆಯ ಬದಲು ಬಾಯಿ ಮುಕ್ಕಳಿಸುವ ಸದ್ದು! ಬಂಡಿ ಎರಡು ಮಾರು ಚಲಿಸಿ, ಬಿಕ್ಕಳಿಸಿ, ಹೊಗೆಕೊಳವೆಯಿಂದ ನೊರೆ ಕಕ್ಕಿತು. ಮಸಿ ಬೆರೆತ, ನಿಂಬೆಯ ಪರಿಮಳದ ನೊರೆ! ಗಾಳಿಯಲ್ಲಿ ತೇಲಿ, ತಣಿದು, ನೇರವಾಗಿ ಹಮೂದ್ ಸಾಹೇಬರ ಮುಂಡಾಸಿನ ಮೇಲೆ ಕುಳಿತಿತು.

"ಆಲ್ಬಿನಾ! ಸಾಬೂನು ಹಾಕಿದ್ದೀಯಾ?"

"ಪಾತ್ರೆ ತೊಳೆಯುವುದು, ಒಂದು ಇಡೀ ಬಾಟ್ಲಿ. ಪೈಪು ಕಸಿದದ್ದು ಯಾರು?"

ವಾಲ್ಟರನಿಗೆ ಮಂಗಳೂರಿನ ವಿಮಾನ ಕಣ್ಣೆದುರೇ ಇಳಿಯಿತು. ಆದರೆ ಮಕ್ಕಳು ನೊರೆಯಲ್ಲಿ ಕುಣಿಯುತ್ತಿದ್ದರು, ಅತಿಥಿಗಳು ಮೊಬೈಲು ಎತ್ತಿ ಹಿಡಿದಿದ್ದರು. ಸಾಹೇಬರು ನಕ್ಕು ನಕ್ಕು ಕಣ್ಣೊರೆಸಿಕೊಂಡರು.

"ಬಹುತ್ ಅಚ್ಛಾ! ಇನ್ನು ಪ್ರತಿ ಮೇಳಕ್ಕೂ ಇದೇ. ಬಾಯ್ಲರ್ ಬಿಚ್ಚಿಬಿಡು, ಮೋಟರು ಕೂರಿಸು. ನೊರೆ ಬಂದರೆ ಸಾಕು!"

"ಅರ್ಬಾಬ್, ಉಗಿ..."

"ಉಗಿ ಯಾರ ಕಣ್ಣಿಗೆ ಕಾಣುತ್ತದೆ?"

ಶುದ್ಧ ಉಗಿ ಕಣ್ಣಿಗೆ ಕಾಣುವುದಿಲ್ಲ ಎಂದು ಕಂಡವರಿಗೆಲ್ಲ ಪಾಠ ಹೇಳಿದವನು ವಾಲ್ಟರನೇ.

"ವೀಸಾ?" ಎಂದ, ಮೆಲ್ಲಗೆ.

"ಆಯಿತೆಂದುಕೋ! ನೊರೆಯ ವಿಷಯದಲ್ಲಿ ನಿನ್ನ ಮೇಡಂ ಹೇಳಿದಂತೆ ಮಾಡು."

ತಾನೇ ಬೆಸೆದ ಬಾಯ್ಲರಿನ ಮೊದಲ ಬೋಲ್ಟು ಬಿಚ್ಚಲು ವಾಲ್ಟರ್ ಬಗ್ಗಿದಾಗ, ಆಲ್ಬಿನಾ ಹೊಸ ಬಾಟ್ಲಿಯೊಂದನ್ನು ಪಕ್ಕದಲ್ಲಿಟ್ಟಳು.

"ಅರ್ಧ ಸಾಕಾ, ಪೂರ್ತಿ ಬೇಕಾ? ಅಳೆದು ಹೇಳಿ ಮಾರಾಯ್ರೆ!"